ಬೆಂಗಳೂರಿಗೂ ಭದ್ರಾವತಿಗೂ ತೆರಿಗೆ ಒಂದೇ

(ಶಿವಮೊಗ್ಗದಲ್ಲಿ ವಾಣಿಜ್ಯ ವಿದ್ಯಾರ್ಥಿಗಳು, ಸಣ್ಣ ಕೈಗಾರಿಕೆಗಳ ಮಾಲೀಕರು ಮತ್ತು ಅಡಿಕೆ ಬೆಳೆಗಾರರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಹಿರಿಯರೇ, ಗೆಳೆಯರೇ, ವಿದ್ಯಾರ್ಥಿಗಳೇ,

ಸಭೆ ಶುರುವಾಗುವ ಮುಂಚೆ ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿ ಬಂದಳು. "ಸರ್, ಕಂಪನಿ ತೆರಿಗೆ ಇಳಿಸಿದರೆ ವಿದೇಶಿ ಬಂಡವಾಳ ಬರುತ್ತದೆ ಎಂದು ಪುಸ್ತಕದಲ್ಲಿದೆ. 2019ರಲ್ಲಿ ಇಳಿಸಿದರಲ್ಲ, ನಮ್ಮೂರಿಗೆ ಏಕೆ ಬರಲಿಲ್ಲ?" ಎಂದು ಕೇಳಿದಳು. ಅವಳ ಊರು ಭದ್ರಾವತಿ. ನಾನು ಬರೆದುಕೊಂಡು ಬಂದಿದ್ದ ಟಿಪ್ಪಣಿಯ ಕ್ರಮವೇ ಬೇರೆ ಇತ್ತು. ಅದನ್ನು ಬದಿಗಿಟ್ಟು ಈ ಪ್ರಶ್ನೆಯಿಂದಲೇ ಹೊರಡುತ್ತೇನೆ. ಮೂರು ದಶಕ ಈ ಜಿಲ್ಲೆಯಲ್ಲಿ ಲೆಕ್ಕಪರಿಶೋಧನೆ ಮಾಡಿದ ನನಗೂ ಇದಕ್ಕಿಂತ ಒಳ್ಳೆಯ ಪ್ರಶ್ನೆ ಹೊಳೆದಿರಲಿಲ್ಲ.

ಮೊದಲು ಆ ವರ್ಷ ಆದದ್ದೇನು ಎಂಬುದನ್ನು ಹೇಳಿಬಿಡುತ್ತೇನೆ. 2019ರ ಸೆಪ್ಟೆಂಬರ್ 20ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಗೋವಾದಲ್ಲಿ ಪತ್ರಿಕಾಗೋಷ್ಠಿ ಕರೆದು ಕಂಪನಿಗಳ ಆದಾಯ ತೆರಿಗೆಯನ್ನು ಇಳಿಸಿದರು. ವಿನಾಯಿತಿಗಳನ್ನು ಬಿಟ್ಟುಕೊಡುವ ದೇಶೀಯ ಕಂಪನಿಗೆ ಮೂಲ ದರ ಶೇ 30ರಿಂದ ಶೇ 22ಕ್ಕೆ ಬಂತು. ತೆರಿಗೆಯ ಮೇಲೆ ಮತ್ತೆ ಬೀಳುವ ಸರ್ಚಾರ್ಜ್ ಮತ್ತು ಸೆಸ್ ಸೇರಿಸಿದರೆ ಶೇ 25.17. ಆ ಅಕ್ಟೋಬರ್ 1ರ ನಂತರ ಹುಟ್ಟಿದ ಹೊಸ ತಯಾರಿಕಾ ಕಂಪನಿಗೆ ಶೇ 15, ಎಲ್ಲವೂ ಸೇರಿ ಶೇ 17.16. ಈ ಎರಡನೆಯ ರಿಯಾಯಿತಿ ಬೇಕಾದರೆ ನಿಗದಿತ ದಿನದೊಳಗೆ ಉತ್ಪಾದನೆ ಆರಂಭಿಸಬೇಕಿತ್ತು. ಆ ಗಡುವು ಒಮ್ಮೆ ವಿಸ್ತರಣೆಯಾಗಿ 2024ರ ಮಾರ್ಚ್ 31ಕ್ಕೆ ಮುಗಿಯಿತು. ಸರ್ಕಾರ ಬಿಟ್ಟುಕೊಟ್ಟ ವರಮಾನ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಎಂದು ಅದೇ ದಿನ ಅಂದಾಜು ಹೇಳಲಾಯಿತು. ವಿದೇಶಿಯರು ಇಲ್ಲಿ ಅಂಗಸಂಸ್ಥೆಯೊಂದನ್ನು ನೋಂದಾಯಿಸಿದರೆ ಅದೂ ದೇಶೀಯ ಕಂಪನಿಯೇ. ಆದ್ದರಿಂದ ಈ ದರ ಅವರಿಗೂ ಸಿಕ್ಕಿತು.

ಮುಂದಿನ ವರ್ಷಗಳ ಅಂಕಿಗಳನ್ನು ಗಮನಿಸಿ. ದೇಶಕ್ಕೆ ಬಂದ ಒಟ್ಟು ವಿದೇಶಿ ನೇರ ಹೂಡಿಕೆ 2019-20ರಲ್ಲಿ ಸುಮಾರು 7,440 ಕೋಟಿ ಡಾಲರ್. 2021-22ರಲ್ಲಿ ಸುಮಾರು 8,480 ಕೋಟಿ ಡಾಲರ್ ಆಗಿ ದಾಖಲೆ ಬರೆಯಿತು. ಮರುವರ್ಷ 7,140 ಕೋಟಿ ಡಾಲರಿನ ಸುಮಾರಿಗೆ ಇಳಿಯಿತು. 2024-25ರಲ್ಲಿ ಮತ್ತೆ 8,100 ಕೋಟಿ ಡಾಲರ್ ತಲುಪಿತು. ಈ ಆರು ವರ್ಷಗಳಲ್ಲಿ ಕಂಪನಿ ತೆರಿಗೆಯ ಮುಖ್ಯ ದರ ಒಂದು ಪೈಸೆಯೂ ಬದಲಾಗಿಲ್ಲ. ದರ ನಿಂತಲ್ಲೇ ನಿಂತಿದೆ, ಬಂಡವಾಳ ಏರಿದೆ, ಇಳಿದಿದೆ, ಮತ್ತೆ ಏರಿದೆ. ನಿಂತಿರುವ ವಸ್ತು ಓಡುತ್ತಿರುವ ವಸ್ತುವಿನ ಓಟವನ್ನು ವಿವರಿಸಲಾರದು.

ಒಟ್ಟು ಎಂಬ ಪದದ ಮೇಲೆ ಬೆರಳಿಟ್ಟುಕೊಳ್ಳಿ. 2024-25ರಲ್ಲಿ ಇಲ್ಲಿದ್ದ ವಿದೇಶಿಯರು ಪಾಲು ಮಾರಿ ಹಿಂದೆ ಒಯ್ದದ್ದನ್ನೂ, ನಮ್ಮ ಕಂಪನಿಗಳು ಹೊರದೇಶಗಳಲ್ಲಿ ಹೂಡಿದ್ದನ್ನೂ ಕಳೆದರೆ ನಿವ್ವಳವಾಗಿ ಉಳಿದದ್ದು 100 ಕೋಟಿ ಡಾಲರಿಗೂ ಕಡಿಮೆ. 2024ರ ಅಕ್ಟೋಬರಿನಲ್ಲಿ ಹ್ಯುಂಡೈ ಕಾರು ಕಂಪನಿ ತನ್ನ ಭಾರತೀಯ ಅಂಗಸಂಸ್ಥೆಯ ಸುಮಾರು 27,870 ಕೋಟಿ ರೂಪಾಯಿಯ ಷೇರುಗಳನ್ನು ಸಾರ್ವಜನಿಕರಿಗೆ ಮಾರಿತಲ್ಲ, ಆ ಹಣವೆಲ್ಲ ಕೊರಿಯಾದ ಮಾತೃಸಂಸ್ಥೆಗೆ ಸಂದಿತು. ಅದರಲ್ಲಿ ತಪ್ಪೇನಿಲ್ಲ. ಬಂದವರು ಹೋಗಲು ಬಾಗಿಲಿದ್ದರೇ ಇನ್ನೊಬ್ಬರು ಬರುತ್ತಾರೆ. ಆದರೆ ಪತ್ರಿಕೆಯ ಮುಖಪುಟದಲ್ಲಿ ಬರುವ ದೊಡ್ಡ ಅಂಕಿಯನ್ನು ನೋಡಿ ಅಷ್ಟೂ ಕಾರ್ಖಾನೆಗಳಾಗಿ ಎದ್ದು ನಿಂತಿತು ಎಂದು ತಿಳಿಯಬೇಡಿ.

ವಿದೇಶಿ ನೇರ ಹೂಡಿಕೆ ಎಂದರೆ ಕಾರ್ಖಾನೆ ಎಂದೇ ಅರ್ಥವಲ್ಲ. ಷೇರುಪೇಟೆಯಲ್ಲಿ ಇಲ್ಲದ ಕಂಪನಿಯ ಷೇರನ್ನು ವಿದೇಶಿಯರು ಕೊಂಡರೂ, ಪೇಟೆಯಲ್ಲಿರುವ ಕಂಪನಿಯಲ್ಲಿ ಶೇ 10 ಅಥವಾ ಅದಕ್ಕಿಂತ ಹೆಚ್ಚು ಪಾಲು ಹೊಂದಿದರೂ ನಮ್ಮ ನಿಯಮದ ಪ್ರಕಾರ ಅದು ನೇರ ಹೂಡಿಕೆ. 2020ರಲ್ಲಿ, ಕೊರೊನಾ ಕಾಲದಲ್ಲಿ, ಜಿಯೋ ಪ್ಲಾಟ್‌ಫಾರ್ಮ್ಸ್‌ನ ಪಾಲಿಗಾಗಿ ಫೇಸ್‌ಬುಕ್ 43,574 ಕೋಟಿ ರೂಪಾಯಿಯನ್ನೂ ಗೂಗಲ್ 33,737 ಕೋಟಿ ರೂಪಾಯಿಯನ್ನೂ ಕೊಟ್ಟವು. ಆ ವರ್ಷದ ಹೂಡಿಕೆ ಉಬ್ಬಿದ್ದರಲ್ಲಿ ಇವೂ ಸೇರಿವೆ. ಇಲ್ಲಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡು ಎದ್ದು ನೂರು ಮಂದಿಗೆ ಕೆಲಸ ಸಿಗುವುದೂ ನೇರ ಹೂಡಿಕೆ, ಮುಂಬೈಯಲ್ಲಿ ಷೇರು ಕೈ ಬದಲಾಯಿಸುವುದೂ ನೇರ ಹೂಡಿಕೆ. ಲೆಕ್ಕದ ಪುಸ್ತಕಕ್ಕೆ ಎರಡೂ ಒಂದೇ. ನಮಗೆ ಒಂದೇ ಅಲ್ಲ.

ಈಗ ಭದ್ರಾವತಿಯ ಹುಡುಗಿಗೆ ಉತ್ತರ. ಅಮ್ಮಾ, ಆದಾಯ ತೆರಿಗೆ ಕೇಂದ್ರದ್ದು. ವೈಟ್‌ಫೀಲ್ಡಿನಲ್ಲಿ ಲಾಭ ಮಾಡಿದರೂ ಶೇ 25.17, ಭದ್ರಾವತಿಯಲ್ಲಿ ಲಾಭ ಮಾಡಿದರೂ ಶೇ 25.17. ಹೊಸ ಕಾರ್ಖಾನೆಯ ಶೇ 17.16 ಬಿಡದಿಗೂ ಇತ್ತು, ನಿಮ್ಮೂರಿಗೂ ಇತ್ತು. ತೆರಿಗೆ ದರ ಹೆಚ್ಚೆಂದರೆ ವಿಯೆಟ್ನಾಂ ಬಿಟ್ಟು ಭಾರತಕ್ಕೆ ಬನ್ನಿ ಎಂದು ಕರೆಯಬಲ್ಲದು. ಬೆಂಗಳೂರು ಬಿಟ್ಟು ಭದ್ರಾವತಿಗೆ ಬನ್ನಿ ಎಂದು ಕರೆಯುವ ಶಕ್ತಿ ಅದಕ್ಕಿಲ್ಲ.

ಮತ್ತೊಂದು ಸಂಗತಿ. ಅದೇ 2019ರ ಜುಲೈಯಲ್ಲಿ, ಎಂದರೆ ತೆರಿಗೆ ಇಳಿಕೆಗೆ ಎರಡು ತಿಂಗಳ ಮುಂಚೆ, ನಿಮ್ಮೂರಿನ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆಯನ್ನು ಮಾರಲು ಕೇಂದ್ರ ಸರ್ಕಾರ ಆಸಕ್ತರಿಂದ ಅರ್ಜಿ ಕರೆಯಿತು. 2022ರ ಅಕ್ಟೋಬರಿನಲ್ಲಿ ಆ ಪ್ರಕ್ರಿಯೆಯನ್ನೇ ಕೈಬಿಟ್ಟಿತು. ಮುಂದುವರಿಯಲು ಕೊಳ್ಳುವವರಲ್ಲಿ ಸಾಕಷ್ಟು ಆಸಕ್ತಿ ಇರಲಿಲ್ಲ. ತೆರಿಗೆ ಇಳಿದ ಮೂರು ವರ್ಷಗಳ ಮೇಲೂ ಕೊಳ್ಳುವವರು ಸಿಗಲಿಲ್ಲ. ಆ ಕಾರ್ಖಾನೆ 1923ರಲ್ಲಿ ಅಲ್ಲಿಯೇ ಏಕೆ ಎದ್ದಿತು? ಕೆಮ್ಮಣ್ಣುಗುಂಡಿಯ ಅದಿರು ಹತ್ತಿರವಿತ್ತು, ಇದ್ದಿಲಿಗೆ ಸುತ್ತಲೂ ಕಾಡಿತ್ತು, ಭದ್ರಾ ನದಿಯ ನೀರಿತ್ತು. ಈಗ ಅದಿರು ದೂರದಿಂದ ಬರಬೇಕು. ಕಾಡನ್ನು ಸುಟ್ಟು ಕಬ್ಬಿಣ ಕಾಯಿಸುವ ಕಾಲ ಮುಗಿಯಿತು, ಮುಗಿದದ್ದೂ ಒಳ್ಳೆಯದೇ. ಉಳಿದದ್ದು ನದಿ ಮತ್ತು ಕೆಲಸ ಬಲ್ಲ ಜನ. ಜಾಗದ ಗುಣ ಬದಲಾದಾಗ ತೆರಿಗೆಯ ರಿಯಾಯಿತಿ ಆ ಕೊರತೆಯನ್ನು ತುಂಬುವುದಿಲ್ಲ.

ಬೇಕಾದರೆ ಒಂದು ಸಣ್ಣ ಲೆಕ್ಕ ಹಾಕೋಣ. ಒಬ್ಬರು 100 ಕೋಟಿ ರೂಪಾಯಿ ಹೂಡಿ ವರ್ಷಕ್ಕೆ 15 ಕೋಟಿ ಲಾಭ ನಿರೀಕ್ಷಿಸುತ್ತಾರೆ ಎನ್ನಿ. ಶೇ 25.17ರ ದರದಲ್ಲಿ ತೆರಿಗೆ ಸುಮಾರು 3.78 ಕೋಟಿ. ಶೇ 17.16ರ ದರದಲ್ಲಿ ಸುಮಾರು 2.57 ಕೋಟಿ. ಉಳಿತಾಯ ವರ್ಷಕ್ಕೆ 1.2 ಕೋಟಿ. ಈಗ ಜಾಗದ ಖಾತೆ ಸರಿಯಿಲ್ಲದೆ, ಅಥವಾ ವಿದ್ಯುತ್ ಮಾರ್ಗ ಎಳೆಯದೆ, ಕಾರ್ಖಾನೆ ಒಂದು ವರ್ಷ ತಡವಾಯಿತು. ತೊಡಗಿಸಿದ ಹಣಕ್ಕೆ ಶೇ 9ರ ಬಡ್ಡಿ ಹಿಡಿದರೂ 9 ಕೋಟಿ ಹೋಯಿತು. ಏಳೂವರೆ ವರ್ಷದ ತೆರಿಗೆ ಉಳಿತಾಯವನ್ನು ಒಂದು ವರ್ಷದ ವಿಳಂಬ ನುಂಗಿತು. ತೆರಿಗೆ ಬೀಳುವುದು ಲಾಭ ಬಂದ ಮೇಲೆ, ವಿಳಂಬದ ಬಡ್ಡಿ ಬೀಳುವುದು ಲಾಭದ ಮುಖ ನೋಡುವ ಮುಂಚೆ. ಹೂಡಿಕೆದಾರ ಮೊದಲು ಹೆದರುವುದು ಎರಡನೆಯದಕ್ಕೆ.

ಇದನ್ನು ನಾನು ಕಣ್ಣಾರೆ ಕಂಡವನು. ಹದಿನೈದು ವರ್ಷಗಳ ಹಿಂದಿನ ಮಾತು. ಈ ಜಿಲ್ಲೆಯ ಒಂದು ಎರಕದ ಕಾರ್ಖಾನೆಗೆ ಯುರೋಪಿನ ಒಂದು ಕಂಪನಿಯ ಮೂವರು ಬಂದರು. ಅವರು ಆಗಲೇ ಇಲ್ಲಿಂದ ಎರಕದ ಬಿಡಿಭಾಗಗಳನ್ನು ಕೊಳ್ಳುತ್ತಿದ್ದವರು. ಪಾಲುದಾರರಾಗಿ ಹಣ ಹಾಕಿ ಇನ್ನೊಂದು ಕುಲುಮೆ ಕೂರಿಸುವ ಆಲೋಚನೆ ಅವರದು. ಮಾಲೀಕರು ನನ್ನನ್ನು ಕರೆದು, "ಆಡಿಟರೇ, ತೆರಿಗೆಯ ವಿಷಯ ನೀವೇ ಅವರಿಗೆ ಒಪ್ಪಿಸಬೇಕು" ಎಂದರು. ನಾನು ಹತ್ತು ರಾತ್ರಿ ಕೂತು ನಲವತ್ತು ಪುಟದ ಟಿಪ್ಪಣಿ ಸಿದ್ಧಮಾಡಿದೆ. ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದ, ಲಾಭಾಂಶದ ಮೇಲಿನ ತೆರಿಗೆ, ಸವಕಳಿ, ಯಾವುದನ್ನೂ ಬಿಡಲಿಲ್ಲ.

ಅವರು ಬಂದದ್ದು ಜುಲೈಯ ಮಳೆಯಲ್ಲಿ. ಈಗ ಯೋಚಿಸಿದರೆ ಬೇಕೆಂದೇ ಆ ತಿಂಗಳನ್ನು ಆರಿಸಿಕೊಂಡಿದ್ದರು ಎನ್ನಿಸುತ್ತದೆ. ನನ್ನ ಟಿಪ್ಪಣಿಗೆ ಅವರು ಕೊಟ್ಟದ್ದು ಹತ್ತು ನಿಮಿಷ. "ಚೆನ್ನಾಗಿದೆ, ನಮ್ಮ ಲೆಕ್ಕದವರು ನೋಡುತ್ತಾರೆ" ಎಂದು ಚೀಲಕ್ಕೆ ಹಾಕಿಕೊಂಡರು. ನಂತರ ಕೇಳಿದ್ದು ಕಳೆದ ಇಪ್ಪತ್ತನಾಲ್ಕು ತಿಂಗಳಲ್ಲಿ ವಿದ್ಯುತ್ ಯಾವಾಗ ಯಾವಾಗ ಕೈಕೊಟ್ಟಿತು ಎಂಬ ದಾಖಲೆಯನ್ನು. ವಿದ್ಯುತ್ತಿನಿಂದ ಲೋಹ ಕರಗಿಸುವ ಕುಲುಮೆಯಲ್ಲಿ ನಡುವೆ ವಿದ್ಯುತ್ ಹೋದರೆ ಕರಗಿದ ಕಬ್ಬಿಣ ಅಲ್ಲಿಯೇ ಹೆಪ್ಪುಗಟ್ಟುತ್ತದೆ, ಒಳಗೋಡೆ ಹಾಳಾಗುತ್ತದೆ. ಮಾಲೀಕರ ಬಳಿ ಅಂಥ ದಾಖಲೆ ಇರಲಿಲ್ಲ. ಪಾಳಿಯ ಮೇಸ್ತ್ರಿ ತನ್ನ ಸ್ವಂತ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಟ್ಟಿದ್ದ. ಅದನ್ನು ತಂದು ಕೊಟ್ಟಾಗ ಆ ಮೂವರೂ ತಲೆ ಬಗ್ಗಿಸಿ ಒಂದು ಗಂಟೆ ಓದಿದರು. ನನ್ನ ನಲವತ್ತು ಪುಟಕ್ಕಿಂತ ಆ ಎಣ್ಣೆ ಮೆತ್ತಿದ ನೋಟ್‌ಬುಕ್ಕು ಅವರಿಗೆ ಮುಖ್ಯವಾಗಿತ್ತು.

ಮರುದಿನ ಅವರಿಗೆ ಮಂಗಳೂರು ಬಂದರಿನ ದಾರಿ ನೋಡಬೇಕಿತ್ತು. ನಕ್ಷೆಯಲ್ಲಿ ಶಿವಮೊಗ್ಗದಿಂದ ಕರಾವಳಿ ಕೂಗಳತೆ ಎನ್ನಿಸುತ್ತದೆ. ಆದರೆ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ಅವಕಾಶವಿಲ್ಲ. ಹುಲಿಕಲ್ ಕಡೆಯಿಂದಲೋ ಬೇರೆ ಘಾಟಿಯಿಂದಲೋ ಸುತ್ತಬೇಕು, ಮಳೆಗಾಲದಲ್ಲಿ ಎಲ್ಲಿ ಗುಡ್ಡ ಕುಸಿದಿದೆ ಎಂದು ವಿಚಾರಿಸಿಕೊಂಡೇ ಹೊರಡಬೇಕು. ಮೂರನೆಯ ದಿನ ವಿಸ್ತರಣೆಗೆಂದು ಇಟ್ಟಿದ್ದ ಎರಡು ಎಕರೆ ಜಾಗದ ಕಾಗದಪತ್ರ ಕೇಳಿದರು. ಪಹಣಿಯಲ್ಲಿ ಒಂದು ಹೆಸರು, ಅನುಭವದಲ್ಲಿ ಇನ್ನೊಬ್ಬರು, ನ್ಯಾಯಾಲಯದಲ್ಲಿ ಒಂದು ದಾವೆ. ಮಲೆನಾಡಿನವರಿಗೆ ಇದು ಹೊಸದಲ್ಲ. ಶರಾವತಿಯಲ್ಲಿ ಮನೆ ಮುಳುಗಿಸಿಕೊಂಡು ಎದ್ದು ಬಂದವರ ಮೊಮ್ಮಕ್ಕಳು ಇಂದಿಗೂ ತಾವು ಉಳುವ ನೆಲದ ಹಕ್ಕುಪತ್ರಕ್ಕೆ ಓಡಾಡುತ್ತಿರುವ ಜಿಲ್ಲೆ ಇದು. ಆದರೆ ಆ ಮೂವರಿಗೆ ಇದನ್ನು ಅರ್ಥ ಮಾಡಿಸುವುದು ನನ್ನಿಂದಾಗಲಿಲ್ಲ.

ಎರಡು ತಿಂಗಳ ನಂತರ ಪತ್ರ ಬಂತು. ಮಾಲು ಕೊಳ್ಳುವುದನ್ನು ಮುಂದುವರಿಸುತ್ತೇವೆ, ಹಣ ಹೂಡುವುದಿಲ್ಲ ಎಂದು. ಎರಡು ಪುಟದ ಆ ಪತ್ರದಲ್ಲಿ ತೆರಿಗೆ ಎಂಬ ಮಾತು ಒಮ್ಮೆ ಬಂದಿತ್ತು, ಅದೂ ನನಗೆ ಧನ್ಯವಾದ ಹೇಳುವ ಸಾಲಿನಲ್ಲಿ. ಮಾಲೀಕರು, "ತೆರಿಗೆ ಇನ್ನೂ ಕಡಿಮೆ ಇದ್ದಿದ್ದರೆ ಬರುತ್ತಿದ್ದರೇ ಆಡಿಟರೇ?" ಎಂದು ಕೇಳಿದರು. ಇಲ್ಲ ಎಂದೆ. ಅದನ್ನು ಹೇಳುವಾಗ ನನ್ನ ಹೊಟ್ಟೆಯಲ್ಲಿ ಆದ ಸಂಕಟ ಈಗಲೂ ನೆನಪಿದೆ.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು 1985ರಲ್ಲಿ. ಆಗ ಕಂಪನಿ ತೆರಿಗೆ ಶೇ 50 ಅಥವಾ ಅದಕ್ಕೂ ಮೇಲೆ. ಪರವಾನಗಿಗಳ ಕಾಲ ಮುಗಿದಿರಲಿಲ್ಲ. ಉಪಗ್ರಹ ಸಂಪರ್ಕದ ಉಪಕರಣಗಳನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಚಿತ್ರವನ್ನು ಆ ಸಂಸ್ಥೆ ಹೆಮ್ಮೆಯಿಂದ ತೋರಿಸುತ್ತದೆ. ಅಷ್ಟು ತೆರಿಗೆ, ಅಷ್ಟು ತೊಡಕು ಇದ್ದರೂ ಬಂದರು, ಏಕೆಂದರೆ ಅವರಿಗೆ ಬೇಕಾಗಿದ್ದ ಎಂಜಿನಿಯರುಗಳು ಅಲ್ಲಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಎಷ್ಟೋ ದಶಕಗಳ ಕಾಲ ಸಾರ್ವಜನಿಕರ ಹಣ ಮಾಡಿದ ಕೆಲಸದ ಫಲ ಅದು.

ಹಾಗಾದರೆ ತೆರಿಗೆ ಲೆಕ್ಕಕ್ಕೇ ಇಲ್ಲವೇ? ಇದೆ. ಅದನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದಂತೆ. 2003ರಲ್ಲಿ ನೆದರ್ಲ್ಯಾಂಡ್ಸ್‌ನ ಇಬ್ಬರು ಅರ್ಥಶಾಸ್ತ್ರಜ್ಞರು ಇಪ್ಪತ್ತೈದು ಅಧ್ಯಯನಗಳನ್ನು ಒಂದೇ ಅಳತೆಗೆ ತಂದು ನೋಡಿದರು. ತೆರಿಗೆ ದರ ಶೇ 30ರಿಂದ 29ಕ್ಕೆ, ಎಂದರೆ ಒಂದು ಅಂಶ ಇಳಿದರೆ ವಿದೇಶಿ ನೇರ ಹೂಡಿಕೆ ಸುಮಾರು ಶೇ 3.3ರಷ್ಟು ಹೆಚ್ಚುತ್ತದೆ ಎಂಬುದು ಅವರಿಗೆ ಸಿಕ್ಕ ಅಂದಾಜು. ಚಿಕ್ಕ ಅಂಕಿಯಲ್ಲ. ಆದರೆ ಅವರು ಕಲೆಹಾಕಿದ ಅಧ್ಯಯನಗಳ ಫಲಿತಾಂಶಗಳು ಒಂದಕ್ಕೊಂದು ಬಹಳ ದೂರ ಇದ್ದವು. ನನ್ನ ತಿಳಿವಳಿಕೆಯ ಪ್ರಕಾರ ಅದಕ್ಕೆ ಕಾರಣ ಇಷ್ಟು: ರಸ್ತೆ, ವಿದ್ಯುತ್, ಕಾನೂನು, ಜನರ ಕೌಶಲ ಎಲ್ಲವೂ ಹೆಚ್ಚುಕಡಿಮೆ ಸಮನಾಗಿರುವ ಎರಡು ದೇಶಗಳ ನಡುವೆ ಆಯ್ಕೆ ಮಾಡುವಾಗ ತೆರಿಗೆ ತಕ್ಕಡಿಯನ್ನು ವಾಲಿಸುತ್ತದೆ. ಉಳಿದದ್ದೇ ಇಲ್ಲದ ಕಡೆ ವಾಲಿಸಲು ತಕ್ಕಡಿಯೇ ಇರುವುದಿಲ್ಲ.

ತೆರಿಗೆಗೆ ಎಲ್ಲಕ್ಕಿಂತ ಹೆಚ್ಚು ಕುಣಿಯುವುದು ಕಾಗದದ ಲಾಭ. ಕುಲುಮೆಯನ್ನು ಹೊತ್ತು ಸಮುದ್ರ ದಾಟುವುದು ಕಷ್ಟ, ಪೇಟೆಂಟನ್ನು ಇನ್ನೊಂದು ದೇಶದ ಹೆಸರಿಗೆ ಬರೆಯುವುದು ಸುಲಭ. ಮಾರಿಷಸ್ ಎಂಬ ಪುಟ್ಟ ದ್ವೀಪ ವರ್ಷಗಟ್ಟಲೆ ಭಾರತಕ್ಕೆ ಬಂಡವಾಳ ಕಳಿಸುವ ದೇಶಗಳ ಸಾಲಿನಲ್ಲಿ ಮೊದಲು ನಿಂತಿತ್ತು. ಅಲ್ಲಿನವರು ಅಷ್ಟು ಶ್ರೀಮಂತರು ಎಂದಲ್ಲ. ಆ ದೇಶದೊಂದಿಗಿನ ನಮ್ಮ ಹಳೆಯ ಒಪ್ಪಂದದಿಂದಾಗಿ ಅಲ್ಲಿಂದ ಬಂದ ಹಣದಿಂದ ಕೊಂಡ ಷೇರನ್ನು ಮಾರಿದರೆ ಇಲ್ಲಿ ಬಂಡವಾಳ ಲಾಭದ ತೆರಿಗೆ ಇರಲಿಲ್ಲ. 2016ರಲ್ಲಿ ಒಪ್ಪಂದ ತಿದ್ದಿದ ಮೇಲೆ, 2017ರ ಏಪ್ರಿಲ್ 1ರಿಂದ ಕೊಂಡ ಷೇರುಗಳಿಗೆ ಆ ಅನುಕೂಲ ನಿಂತಿತು.

ಐರ್ಲೆಂಡಿನ ಶೇ 12.5ರ ತೆರಿಗೆಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಆ ದರ ಬಂದದ್ದು 2003ರಲ್ಲಿ. ಅದಕ್ಕೆ ಎಷ್ಟೋ ಮುಂಚೆ, 1967ರಲ್ಲಿ, ಆ ದೇಶ ಪ್ರೌಢಶಿಕ್ಷಣವನ್ನು ಉಚಿತ ಮಾಡಿತು. 1973ರಲ್ಲಿ ಯುರೋಪಿನ ಒಕ್ಕೂಟ ಸೇರಿ ದೊಡ್ಡ ಮಾರುಕಟ್ಟೆಗೆ ದಾರಿ ಮಾಡಿಕೊಂಡಿತು. ಇವನ್ನು ಹೇಳದೆ ತೆರಿಗೆಯನ್ನು ಮಾತ್ರ ಹೇಳುವುದು ಅರ್ಧ ಕಥೆ. ಇನ್ನು ಶೇ 15ಕ್ಕಿಂತ ಕೆಳಗೆ ಓಡುವ ಪೈಪೋಟಿಗೂ ಒಂದು ತಡೆ ಬಿದ್ದಿದೆ. ವರ್ಷಕ್ಕೆ 75 ಕೋಟಿ ಯೂರೊಗಿಂತ ಹೆಚ್ಚು ವಹಿವಾಟಿರುವ ಬಹುರಾಷ್ಟ್ರೀಯ ಕಂಪನಿಗಳಿಗೆ ಕನಿಷ್ಠ ಶೇ 15 ತೆರಿಗೆ ಇರಬೇಕೆಂದು 2021ರ ಅಕ್ಟೋಬರಿನಲ್ಲಿ 136 ದೇಶಗಳು ಒಪ್ಪಿದವು. ಒಂದು ದೇಶ ಕಡಿಮೆ ವಸೂಲಿ ಮಾಡಿದರೆ ಉಳಿದದ್ದನ್ನು ಇನ್ನೊಂದು ದೇಶ ವಸೂಲಿ ಮಾಡಬಹುದು. ಐರ್ಲೆಂಡೂ 2024ರಿಂದ ಅಂಥ ದೊಡ್ಡ ಕಂಪನಿಗಳಿಗೆ ಶೇ 15 ಮಾಡಿಕೊಂಡಿತು. 2025ರ ಜನವರಿಯಲ್ಲಿ ಅಮೆರಿಕ ತಾನು ಈ ಒಪ್ಪಂದಕ್ಕೆ ಬದ್ಧವಲ್ಲ ಎಂದು ಸಾರಿದ್ದರಿಂದ ಇದರ ಬಲ ಕುಗ್ಗಿದೆ. ಆದರೂ ಬಿಟ್ಟುಕೊಟ್ಟ ತೆರಿಗೆ ಬೇರೆ ದೇಶದ ಖಜಾನೆ ಸೇರಬಹುದು ಎಂಬ ಮಾತನ್ನು ವಾಣಿಜ್ಯ ವಿದ್ಯಾರ್ಥಿಗಳು ಮರೆಯಬಾರದು.

ದರಕ್ಕಿಂತ ದೊಡ್ಡದು ದರದ ಭರವಸೆ. ಇದಕ್ಕೆ ನಮ್ಮ ದೇಶ ದುಬಾರಿ ಪಾಠ ಕಲಿತಿದೆ. 2007ರಲ್ಲಿ ವೊಡಾಫೋನ್ ಕಂಪನಿ ಹಚಿಸನ್‌ನ ಭಾರತದ ಮೊಬೈಲ್ ವ್ಯವಹಾರವನ್ನು ಕೇಮನ್ ದ್ವೀಪದ ಒಂದು ಕಂಪನಿಯ ಮೂಲಕ ಕೊಂಡಿತು. ಆದಾಯ ತೆರಿಗೆ ಇಲಾಖೆ ತೆರಿಗೆ ಕೇಳಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಅದೇ ವರ್ಷದ ಬಜೆಟ್ಟಿನಲ್ಲಿ ಸರ್ಕಾರ ಕಾನೂನನ್ನೇ ಹಿಂದಿನ ದಿನಾಂಕದಿಂದ ತಿದ್ದಿತು. ದ್ವೀಪದ ಕಂಪನಿಯ ಮರೆಯಲ್ಲಿ ತೆರಿಗೆ ತಪ್ಪಿಸಿಕೊಳ್ಳುವುದನ್ನು ನಾನು ಸಮರ್ಥಿಸುವುದಿಲ್ಲ. ಮುಂದಿನ ವ್ಯವಹಾರಗಳಿಗೆ ಕಾನೂನು ಬಿಗಿ ಮಾಡುವ ಹಕ್ಕು ಸಂಸತ್ತಿಗೆ ಇದ್ದೇ ಇದೆ. ಆದರೆ ಮುಗಿದ ಆಟದ ನಿಯಮವನ್ನು ಬದಲಿಸಿದ್ದು ತಪ್ಪು ಎಂದೇ ನನ್ನ ದೃಢ ಅಭಿಪ್ರಾಯ. 2020ರಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆಯಲ್ಲಿ ಭಾರತ ವೊಡಾಫೋನ್ ಎದುರೂ ಸೋತಿತು, ಇದೇ ತಿದ್ದುಪಡಿಯಡಿ ತೆರಿಗೆಗೆ ಸಿಕ್ಕಿದ್ದ ಬ್ರಿಟನ್ನಿನ ತೈಲ ಕಂಪನಿ ಕೇರ್ನ್ ಎದುರೂ ಸೋತಿತು. ಪ್ಯಾರಿಸ್ಸಿನಲ್ಲಿದ್ದ ಭಾರತ ಸರ್ಕಾರದ ಆಸ್ತಿಗಳನ್ನು ತಡೆಹಿಡಿಯಲು ಕೇರ್ನ್ ಫ್ರಾನ್ಸಿನ ನ್ಯಾಯಾಲಯದಿಂದ ಆದೇಶ ತಂದಿತು. 2021ರ ಆಗಸ್ಟಿನಲ್ಲಿ ಸಂಸತ್ತು ಆ ಪೂರ್ವಾನ್ವಯ ತೆರಿಗೆಯನ್ನು ರದ್ದು ಮಾಡಿತು. ಒಂಬತ್ತು ವರ್ಷ ಹಿಡಿಯಿತು.

ಭರವಸೆಯ ಬೆಲೆ ತಿಳಿಯಲು ಈ ಊರಿನವರು ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ. ನಮ್ಮ ಕೆಳದಿಯ ಶಿವಪ್ಪ ನಾಯಕ ಹದಿನೇಳನೆಯ ಶತಮಾನದಲ್ಲಿ ಕಂದಾಯ ನಿಗದಿ ಮಾಡಿದ ಬಗೆಯನ್ನು ನೆನೆಯಿರಿ. ಊರೂರಿನಲ್ಲಿ ಒಂದೊಂದು ಬಗೆಯ ನೆಲದಲ್ಲಿ ಒಂದು ಗದ್ದೆಯನ್ನು ಹನ್ನೆರಡು ವರ್ಷ ತನ್ನ ಖರ್ಚಿನಲ್ಲಿ ಸಾಗುವಳಿ ಮಾಡಿಸಿ, ಬಿತ್ತನೆ ಎಷ್ಟು, ಖರ್ಚೆಷ್ಟು, ಫಸಲೆಷ್ಟು, ಅದರ ಬೆಲೆಯೆಷ್ಟು ಎಂದು ಬರೆಸಿ, ಸರಾಸರಿ ತೆಗೆದು ಮೂರರಲ್ಲೊಂದು ಪಾಲನ್ನು ಕಂದಾಯವೆಂದು ಗೊತ್ತುಪಡಿಸಿದ ಎಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. ಆ ಕಂದಾಯ ಪದ್ಧತಿಗೆ ಶಿಸ್ತು ಎಂದೇ ಹೆಸರು. ಮೂರರಲ್ಲೊಂದು ಹಗುರವಾದ ತೆರಿಗೆಯಲ್ಲ. ಆದರೂ ಜನ ಅವನನ್ನು ಶಿಸ್ತಿನ ಶಿವಪ್ಪ ನಾಯಕ ಎಂದು ನೆನೆದರು. ಮುಂದಿನ ವರ್ಷ ಎಷ್ಟು ಕೊಡಬೇಕು ಎಂಬುದು ಅಡಿಕೆ ಸಸಿ ನೆಡುವ ದಿನವೇ ಗೊತ್ತಿತ್ತು. ಹತ್ತು ವರ್ಷ ಕಾಯುವ ಬೆಳೆಗೆ ಅದಕ್ಕಿಂತ ದೊಡ್ಡ ಉತ್ತೇಜನ ಯಾವುದು?

ತೆರಿಗೆಯಾಚೆ ಹೂಡಿಕೆದಾರ ನೋಡುವುದು ದೇಶದ ಆರ್ಥಿಕ ಸ್ಥಿತಿಗತಿಯನ್ನು. ಹಾಗೆಂದಾಗ ನನಗೆ ಮೊದಲು ಕಾಣುವುದು ರೂಪಾಯಿ. 2010ರಲ್ಲಿ ಡಾಲರಿಗೆ ಸುಮಾರು 45 ರೂಪಾಯಿ. ಆಗ ಒಬ್ಬರು ಹತ್ತು ಲಕ್ಷ ಡಾಲರ್ ತಂದಿದ್ದರೆ ಇಲ್ಲಿ 4.5 ಕೋಟಿ ರೂಪಾಯಿ. 2023ರ ಕೊನೆಗೆ ಡಾಲರಿಗೆ ಸುಮಾರು 83 ರೂಪಾಯಿ. ಅವರ ಆಸ್ತಿ 8.3 ಕೋಟಿಗೆ ಬೆಳೆದಿದ್ದರೆ ನಾವು ಶೇ 84 ಬೆಳೆಯಿತು ಎನ್ನುತ್ತೇವೆ. ಅವರ ದೇಶದ ಲೆಕ್ಕದಲ್ಲಿ ಹದಿಮೂರು ವರ್ಷಗಳ ನಂತರವೂ ಅದೇ ಹತ್ತು ಲಕ್ಷ ಡಾಲರ್. ಇಲ್ಲಿ ಬೆಲೆಯೇರಿಕೆ ಹಿಡಿತದಲ್ಲಿದೆಯೇ, ರೂಪಾಯಿ ಮೆಲ್ಲಗೆ ಇಳಿಯುತ್ತದೆಯೇ ಧುತ್ತೆಂದು ಕುಸಿಯುತ್ತದೆಯೇ ಎಂದು ಅವರು ಕೇಳುವುದು ಇದಕ್ಕೇ. ಅತ್ತ ಅಮೆರಿಕದ ಕೇಂದ್ರ ಬ್ಯಾಂಕ್ 2022ರ ಆರಂಭದಲ್ಲಿ ಸೊನ್ನೆಯ ಹತ್ತಿರವಿದ್ದ ಬಡ್ಡಿಯನ್ನು 2023ರ ಜುಲೈ ಹೊತ್ತಿಗೆ ಶೇ 5.25ರಿಂದ 5.5ರ ಮಟ್ಟಕ್ಕೆ ಏರಿಸಿತು. ಮನೆಯಲ್ಲೇ ಅಪಾಯವಿಲ್ಲದೆ ಶೇ 5 ಸಿಗುವಾಗ ಹಣ ಹೊರಗೆ ಹೋಗಲು ಹಿಂದೆಮುಂದೆ ನೋಡುತ್ತದೆ. ದೆಹಲಿ ಅದಕ್ಕೆ ಏನೂ ಮಾಡಲಾಗದು.

ಹೊರಗಿನ ಗಾಳಿ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಮಲೆನಾಡಿನ ಸಾಕ್ಷಿ ಕುದುರೆಮುಖ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾದದ್ದು ಇರಾನಿನ ಬೇಡಿಕೆಗಾಗಿ, ಇರಾನಿನ ಸಾಲದ ನೆರವಿನಿಂದ. ಅದು ನೇರ ಹೂಡಿಕೆಯಲ್ಲ, ಸಾಲ. ಆದರೂ ಪರದೇಶದ ಹಣವೇ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಕೊಳ್ಳಬೇಕಾದವರು ಕೊಳ್ಳಲಿಲ್ಲ. ಬೆಟ್ಟ ಆಗಲೇ ಅಗೆದಾಗಿತ್ತು, ಮಂಗಳೂರಿಗೆ ಅದಿರಿನ ಕೊಳವೆ ಹಾಕಿಯಾಗಿತ್ತು. ಬೇರೆ ಮಾರುಕಟ್ಟೆಗಳನ್ನು ಹುಡುಕಿಕೊಂಡು ಕಂಪನಿ ಉಳಿಯಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಬೆಟ್ಟ ಮತ್ತು ಭದ್ರೆಯ ಹುಟ್ಟಿನ ನೆಲ ಉಳಿಯಲಿ ಎಂದು ಹೋರಾಡಿದವರ ಪರ ನಾನು. ಅಲ್ಲಿ ಕೆಲಸ ಕಳೆದುಕೊಂಡವರ ಮನೆಗಳನ್ನೂ ನೋಡಿದ್ದೇನೆ.

ಆದ್ದರಿಂದ ನಮ್ಮ ಗುಡ್ಡಗಳಿಗೆ ಎಂಥ ಬಂಡವಾಳ ಬೇಕು ಎಂಬುದನ್ನು ನಾವೇ ಹೇಳಬೇಕು, ಸ್ಪಷ್ಟವಾಗಿ ಹೇಳಬೇಕು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಿಂದ ಮತ್ತೆ ಮತ್ತೆ ಹೊರಡುತ್ತಿದೆ. 2024ರ ಜುಲೈಯದ್ದು ಆರನೆಯದು. ಕರ್ನಾಟಕದಲ್ಲಿ ಇದರ ವ್ಯಾಪ್ತಿ 20,668 ಚದರ ಕಿಲೋಮೀಟರ್. ಹತ್ತು ವರ್ಷಗಳಲ್ಲಿ ಅದು ಅಂತಿಮವೂ ಆಗಲಿಲ್ಲ, ರದ್ದೂ ಆಗಲಿಲ್ಲ. ಕಾಡಿಗೂ ಇದರಿಂದ ರಕ್ಷಣೆಯಿಲ್ಲ, ತೀರ್ಥಹಳ್ಳಿಯಲ್ಲಿ ಹಣ್ಣು ಸಂಸ್ಕರಣೆಯ ಘಟಕ ಹಾಕುವವನಿಗೂ ಖಾತ್ರಿಯಿಲ್ಲ. ಇಲ್ಲಿ ಇಂಥದು ಬೇಡ, ಅಲ್ಲಿ ಇಂಥದು ಬರಬಹುದು ಎಂದು ಒಮ್ಮೆ ಗೆರೆ ಎಳೆದರೆ ಇಬ್ಬರೂ ಬದುಕಿಕೊಳ್ಳುತ್ತಾರೆ.

ಗೆರೆ ಎಳೆಯಲೂ ರಸ್ತೆ ಮಾಡಲೂ ಹಣ ಬೇಕು, ಆ ಹಣ ತೆರಿಗೆಯಿಂದಲೇ ಬರಬೇಕು. ಕಂಪನಿ ತೆರಿಗೆ ರಾಜ್ಯಗಳೊಂದಿಗೆ ಹಂಚಿಕೊಳ್ಳುವ ತೆರಿಗೆ. 2021ರಿಂದ 26ರ ಅವಧಿಗೆ ರಾಜ್ಯಗಳ ಪಾಲು ಶೇ 41, ಅದರಲ್ಲಿ ಕರ್ನಾಟಕದ್ದು ಶೇ 3.647. ಎಂದರೆ ಆ ಅವಧಿಯಲ್ಲಿ ಹಂಚಿಕೆಗೆ ಬರುವ ಪ್ರತಿ ನೂರು ರೂಪಾಯಿ ಬಿಟ್ಟುಕೊಟ್ಟಾಗ ನಮ್ಮ ರಾಜ್ಯ ಕಳೆದುಕೊಂಡದ್ದು ಒಂದೂವರೆ ರೂಪಾಯಿ. ಸರ್ಚಾರ್ಜ್ ಮತ್ತು ಸೆಸ್ ಹಂಚಿಕೆಗೆ ಬರುವುದಿಲ್ಲ, ಅದನ್ನು ಸದ್ಯಕ್ಕೆ ಮರೆತು 1.45 ಲಕ್ಷ ಕೋಟಿಗೆ ಈ ಅನುಪಾತ ಹಾಕಿದರೆ ಎರಡು ಸಾವಿರ ಕೋಟಿ ದಾಟುತ್ತದೆ. ಸೋಗಾನೆಯ ನಮ್ಮ ವಿಮಾನ ನಿಲ್ದಾಣಕ್ಕೆ ಆದ ವೆಚ್ಚ ಸುಮಾರು 450 ಕೋಟಿ. ಅಂಥ ನಾಲ್ಕಕ್ಕೂ ಹೆಚ್ಚು ನಿಲ್ದಾಣಗಳ ಹಣ, ಒಂದೇ ವರ್ಷದಲ್ಲಿ. ರಿಯಾಯಿತಿ ಕೊಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಶೇ 30 ನಮ್ಮ ನೆರೆಯ ಪೈಪೋಟಿಗಾರರಿಗೆ ಹೋಲಿಸಿದರೆ ಹೆಚ್ಚೇ ಆಗಿತ್ತು. ವಿಯೆಟ್ನಾಂನಲ್ಲಿ ಶೇ 20, ಇಂಡೊನೇಷ್ಯಾದಲ್ಲಿ ಶೇ 22 ಇದೆ. ಈಗ ನಾವು ಸರಿಸುಮಾರು ಆ ಸಾಲಿಗೆ ಬಂದಿದ್ದೇವೆ. ಇದಕ್ಕಿಂತ ಕೆಳಗೆ ಇಳಿಸಿ ಎಂದು ಇನ್ನು ಯಾರಾದರೂ ಕೇಳಿದರೆ, ಆ ಹಣವನ್ನು ಘಾಟಿ ರಸ್ತೆಗೆ, ವಿದ್ಯುತ್ ಉಪಕೇಂದ್ರಕ್ಕೆ, ಐಟಿಐಗಳಿಗೆ, ಭೂದಾಖಲೆ ಸರಿಪಡಿಸುವುದಕ್ಕೆ ಹಾಕಿ ಎಂದು ಹೇಳುವವನು ನಾನು.

ಭಾಷಣ ಮುಗಿದ ಮೇಲೆ ಹೊಸನಗರ ಕಡೆಯ ಹಿರಿಯ ಬೆಳೆಗಾರರೊಬ್ಬರು ಎದ್ದು ನಿಂತರು. "ಸ್ವಾಮಿ, ನಾಳೆ ವಿದೇಶಿ ಕಂಪನಿ ಬಂದು ನಮ್ಮ ಅಡಿಕೆ ತೋಟ ಕೊಂಡುಬಿಡಬಹುದೇ?" ಎಂದು ಕೇಳಿದರು. ಅವರ ದನಿಯಲ್ಲಿ ಭಯವಿತ್ತು. ನಾನು ಹೇಳಿದ್ದು ಹೀಗೆ: ಯಜಮಾನರೇ, ಮೊದಲು ಚಹಾ ತೋಟಕ್ಕೆ ಮಾತ್ರ ಅವಕಾಶವಿತ್ತು. 2015ರ ನವೆಂಬರಿನಲ್ಲಿ ಕಾಫಿ, ಏಲಕ್ಕಿ, ರಬ್ಬರ್, ತಾಳೆ ಎಣ್ಣೆ ಮತ್ತು ಆಲಿವ್ ತೋಟಗಳಲ್ಲಿ ಶೇ 100ರಷ್ಟು ವಿದೇಶಿ ಹೂಡಿಕೆಗೆ ಬಾಗಿಲು ತೆರೆದರು. ನೆಲದ ಬಳಕೆ ಬದಲಿಸುವುದಾದರೆ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ಆ ಪಟ್ಟಿಯಲ್ಲಿ ಅಡಿಕೆಯ ಹೆಸರಿಲ್ಲ. ಇನ್ನು ಕಾಫಿಯನ್ನೇ ನೋಡಿ. ಬಾಗಿಲು ಪೂರ್ತಿ ತೆರೆದಿದೆ. ಬೆಳೆದು ಹದಮಾಡಿ ಮಾರಿದ ಕಾಫಿಯ ಆದಾಯದಲ್ಲಿ ಶೇ 25 ಭಾಗ ಮಾತ್ರ ಕೇಂದ್ರದ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಇದಕ್ಕಿಂತ ಹಗುರವಾದ ತೆರಿಗೆ ಯಾವ ಉದ್ಯಮಕ್ಕಿದೆ? ಆದರೂ ಚಿಕ್ಕಮಗಳೂರಿಗೆ ವಿದೇಶಿ ಬಂಡವಾಳದ ಪ್ರವಾಹವೇನೂ ಹರಿದು ಬರಲಿಲ್ಲ. ಬಹುಪಾಲು ತೋಟಗಳು ಹತ್ತು ಹೆಕ್ಟೇರಿಗಿಂತ ಚಿಕ್ಕವು, ಮಳೆ ನೆಚ್ಚಿಕೆಗೆ ಇಲ್ಲ, ಕೊಯ್ಲಿಗೆ ಆಳುಗಳಿಲ್ಲ, ಬೆಲೆ ನಿರ್ಧಾರವಾಗುವುದು ನ್ಯೂಯಾರ್ಕ್ ಮತ್ತು ಲಂಡನ್ನಿನಲ್ಲಿ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ನಮಗೆ ಬೇಕಾದದ್ದೂ ಅವರಿಗೆ ಬೇಕಾದದ್ದೂ ಒಂದೇ ಆಯಿತಲ್ಲ" ಎಂದರು. ಹೌದು ಎಂದೆ.